ಹವಾಮಾನ ಸಂಶೋಧನೆಗೆ ಇಷ್ಟು ಕೋಟಿ ಕೊಡುತ್ತೇವೆ. ವಾಪಸ್ ಏನು ಕೇಳಬೇಕು?

ಯಮಲೂರು ನಿವಾಸಿ
2022ರ ಸೆಪ್ಟೆಂಬರ್ 4ರ ರಾತ್ರಿ ನಮ್ಮ ಮನೆಯ ನೆಲಮಹಡಿಗೆ ನೀರು ನುಗ್ಗಿತು. ಮಾರನೇ ದಿನ ಅಮ್ಮನನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿ ಆಚೆ ಕರೆದುಕೊಂಡು ಬಂದೆ. ಆ 24 ಗಂಟೆಯಲ್ಲಿ ಬೆಂಗಳೂರಿನಲ್ಲಿ ಬಿದ್ದದ್ದು 131.6 ಮಿ.ಮೀ. ಮಳೆ ಎಂದು ಆಮೇಲೆ ಓದಿದೆ. ಅವತ್ತಿನಿಂದ ಮಳೆ, ಹವಾಮಾನ ಅಂತ ಎಲ್ಲಿ ಸುದ್ದಿ ಕಂಡರೂ ಬಿಡದೆ ಓದುತ್ತೇನೆ.

ಈಗ ಪ್ರಶ್ನೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಹವಾಮಾನ ಮುನ್ಸೂಚನೆಯ ‘ಮಿಷನ್ ಮೌಸಮ್’ಗೆ ಎರಡು ವರ್ಷಕ್ಕೆ 2,000 ಕೋಟಿ ರೂಪಾಯಿ ಒಪ್ಪಿತು. ಅದೇ ವರ್ಷ ಜನವರಿಯಲ್ಲಿ ಭೂವಿಜ್ಞಾನದ ‘ಪೃಥ್ವಿ’ ಯೋಜನೆಗೆ 4,797 ಕೋಟಿ. 2021ರಲ್ಲಿ ಆಳ ಸಮುದ್ರದ ಮಿಷನ್‌ಗೆ 4,077 ಕೋಟಿ. ಪುಣೆ ಮತ್ತು ನೊಯ್ಡಾದಲ್ಲಿ ‘ಅರ್ಕ’, ‘ಅರುಣಿಕ’ ಸೂಪರ್ ಕಂಪ್ಯೂಟರ್‌ಗಳಿಗೆ 850 ಕೋಟಿ.

ಇದು ಜಾಸ್ತಿಯಾ, ಕಡಿಮೆಯಾ? ನನ್ನಂಥವರಿಗೆ ಅಂದಾಜೇ ಸಿಗುವುದಿಲ್ಲ. ಇಷ್ಟು ಕೊಟ್ಟ ಮೇಲೆ ನಮ್ಮ ಬೀದಿಗೆ ಎಷ್ಟು ಗಂಟೆಗೆ ಎಷ್ಟು ಮಳೆ ಅಂತ ಕೇಳುವುದು ಸರಿಯಾ? ಅಥವಾ ನಾನು ತಪ್ಪು ಅಂಗಡಿಯಲ್ಲಿ ತಪ್ಪು ಸಾಮಾನು ಕೇಳುತ್ತಿದ್ದೇನಾ? ಜಗಳಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಬೇಕು.

ತೆರಿಗೆ ಕಟ್ಟುವವ
ಸರಿಯಾದ ಪ್ರಶ್ನೆ. 2008ರಲ್ಲಿ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆ ಅಂತ ತಂದರು. ಅದರಲ್ಲಿ ಎಂಟು ಮಿಷನ್. 2012ರಲ್ಲಿ ಮಾನ್ಸೂನ್ ಮಿಷನ್. ಈಗ ಮಿಷನ್ ಮೌಸಮ್. ಹೆಸರು ಬದಲಾಗುತ್ತದೆ, ಉದ್ಘಾಟನೆ ಆಗುತ್ತದೆ. ನಿಮ್ಮ ಮನೆಗೆ ನೀರು ನುಗ್ಗಿದ್ದು ಮುನ್ಸೂಚನೆ ಇಲ್ಲದ್ದಕ್ಕಲ್ಲ, ಮಳೆನೀರು ಹರಿಯುವ ರಾಜಕಾಲುವೆ ಮುಚ್ಚಿದ್ದಕ್ಕೆ. ಆ ದುಡ್ಡನ್ನು ಕಾಲುವೆಗೆ ಹಾಕಿ.

ಬೆಳ್ಳಂದೂರು ಕೆರೆದಂಡೆ
+1. ಮೊದಲು ಕಾಲುವೆ.

ಮೋಡ ಎಣಿಸುವವಳು
ನಾನು ಮಾನ್ಸೂನನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಮಾದರಿಗಳ ಮೇಲೆ ಕೆಲಸ ಮಾಡುತ್ತೇನೆ, ಇದೇ ಊರಿನಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಲೆಕ್ಕ. ಆಳ ಸಮುದ್ರದ ಮಿಷನ್‌ನಲ್ಲಿ ಆರು ಭಾಗ ಇದೆ. ಸಮುದ್ರದಡಿಯ ಖನಿಜ, 6,000 ಮೀಟರ್ ಆಳಕ್ಕೆ ಮನುಷ್ಯರನ್ನು ಕಳಿಸುವ ‘ಮತ್ಸ್ಯ’ ವಾಹನ ಎಲ್ಲ ಅದರೊಳಗೇ ಬರುತ್ತದೆ. ಹವಾಮಾನ ಬದಲಾವಣೆ ಆರರಲ್ಲಿ ಒಂದು. ‘ಪೃಥ್ವಿ’ಯ 4,797 ಕೋಟಿ ಹೊಸ ದುಡ್ಡೇ ಅಲ್ಲ. ಮೊದಲೇ ನಡೆಯುತ್ತಿದ್ದ ಐದು ಯೋಜನೆಗಳನ್ನು ಸೇರಿಸಿ ಒಂದು ಹೆಸರು ಇಟ್ಟರು. ಅದು 2021ರಿಂದ 2026ರವರೆಗಿನ ಲೆಕ್ಕ. ಭೂಕಂಪ, ಧ್ರುವ ಪ್ರದೇಶ, ಸಾಗರ ಎಲ್ಲ ಅದರಲ್ಲೇ. ಹಾಗಾಗಿ ಈ ಅಂಕಿಗಳನ್ನು ಕೂಡಿಸಿ ‘ಹವಾಮಾನಕ್ಕೆ ಇಷ್ಟು’ ಅನ್ನಲು ಬರುವುದಿಲ್ಲ.

ಎರಡನೇದು ನಿರೀಕ್ಷೆ. ಜನ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದಾರೆ. ನಾಳೆ ಸಂಜೆ ಮಳೆ ಬರುತ್ತಾ ಅನ್ನುವುದು ಒಂದು. ಈ ಸಲ ಮುಂಗಾರು ಹೇಗೆ ಅನ್ನುವುದು ಇನ್ನೊಂದು. 2050ರಲ್ಲಿ ಬೆಂಗಳೂರಿಗೆ ಎಂಥ ಮಳೆ, ಎಂಥ ಬಿಸಿಲು ಅನ್ನುವುದು ಮೂರನೇದು. ಮೂರಕ್ಕೂ ಉಪಕರಣ ಬೇರೆ, ಮಾದರಿ ಬೇರೆ, ತಪ್ಪುವ ರೀತಿಯೂ ಬೇರೆ. ಮೂರನೇದಕ್ಕೆ ಬಳಸುವ ಮಾದರಿಗಳಲ್ಲಿ ಭೂಮಿಯನ್ನು ಸುಮಾರು 100 ಕಿ.ಮೀ. ಚೌಕಗಳಾಗಿ ಕತ್ತರಿಸುತ್ತೇವೆ. ಬೆಂಗಳೂರು, ರಾಮನಗರ, ದೊಡ್ಡಬಳ್ಳಾಪುರ ಎಲ್ಲ ಸೇರಿ ಒಂದೇ ಚುಕ್ಕಿ. ಯಮಲೂರು ಅದರಲ್ಲಿ ಎಲ್ಲಿ ಕಾಣಬೇಕು?

ದಿನದ ಮುನ್ಸೂಚನೆಗೆ 2025ರ ಮೇನಲ್ಲಿ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಬಂತು. ಅದರ ಚೌಕ 6 ಕಿ.ಮೀ. ಹಿಂದಿನದು 12 ಇತ್ತು. ಇದು ದೊಡ್ಡ ಹೆಜ್ಜೆಯೇ. ಆದರೆ ನಮ್ಮ ಏಪ್ರಿಲ್-ಮೇ ತಿಂಗಳ ಒಂದು ಗುಡುಗು ಮೋಡದ ಅಗಲವೇ ಐದರಿಂದ ಹತ್ತು ಕಿ.ಮೀ. ಜಯನಗರದಲ್ಲಿ ಸುರಿಯುತ್ತಿರುತ್ತದೆ, ಬಸವನಗುಡಿಯಲ್ಲಿ ರಸ್ತೆ ಒಣಗಿರುತ್ತದೆ. ಇದನ್ನು ಬೀದಿ ಲೆಕ್ಕದಲ್ಲಿ ಹಿಂದಿನ ದಿನವೇ ಹೇಳುವುದು ಯಾವ ದೇಶದಲ್ಲೂ ಆಗುತ್ತಿಲ್ಲ. ಒಂದೆರಡು ಗಂಟೆ ಮೊದಲು ಹೇಳಬಹುದು. ಅದಕ್ಕೆ ರಾಡಾರ್ ಬೇಕು.

ಗವೀಪುರ ಕೇಬಲ್
ರಾಡಾರ್ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಎಷ್ಟೋ ವರ್ಷ ಬೆಂಗಳೂರಿನ ಮಳೆಗೆ ನಾವು ನೆಚ್ಚಿಕೊಂಡಿದ್ದು ಚೆನ್ನೈ ರಾಡಾರ್. ಚೆನ್ನೈ ಇಲ್ಲಿಂದ ನೇರ ಗೆರೆಯಲ್ಲಿ 290 ಕಿ.ಮೀ. ರಾಡಾರ್ ಕಿರಣ ಅರ್ಧ ಡಿಗ್ರಿ ಮೇಲಕ್ಕೆ ಹೊರಡುತ್ತದೆ. ಭೂಮಿ ಗುಂಡಗಿರುವುದರಿಂದ ನೆಲ ಕೆಳಗೆ ಬಾಗುತ್ತಾ ಹೋಗುತ್ತದೆ. ಲೆಕ್ಕ ಹಾಕಿ ನೋಡಿ, ಕಿರಣ ಬೆಂಗಳೂರಿನ ಮೇಲೆ ಬರುವಷ್ಟರಲ್ಲಿ ಸುಮಾರು 7 ಕಿ.ಮೀ. ಎತ್ತರದಲ್ಲಿ ಇರುತ್ತದೆ. ಮೋಡದ ತಲೆ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ. ಮಳೆ ಇರುವುದು ಹೊಟ್ಟೆಯಲ್ಲಿ.

ತೆರಿಗೆ ಕಟ್ಟುವವ
ಹಾಗಾದರೆ ನನ್ನ ಮಾತೇ ಸರಿ ಅಲ್ವಾ? ಸೂಪರ್ ಕಂಪ್ಯೂಟರ್‌ಗೆ 850 ಕೋಟಿ ಇದೆ. ಒಂದೂಕಾಲು ಕೋಟಿಗಿಂತ ಜಾಸ್ತಿ ಜನ ಇರುವ ಊರಿಗೆ ರಾಡಾರ್ ಬೇಕು ಅನ್ನುವುದಕ್ಕೆ ಎಷ್ಟು ವರ್ಷ?

ಗವೀಪುರ ಕೇಬಲ್
ಈ ಮಾತಿನಲ್ಲಿ ನಿಮ್ಮ ಕಡೆಗೇ ನಾನು. ಆದರೆ ‘ಸಂಶೋಧನೆ ಬೇಡ’ ಅನ್ನುವ ಕಡೆಗಲ್ಲ. ಅಳೆಯುವುದಕ್ಕೆ ದುಡ್ಡು ಹಾಕಿ ಅನ್ನುತ್ತಿದ್ದೇನೆ.

ಚಿಕ್ಕಪೇಟೆ ಲೆಕ್ಕ
ಜಾಸ್ತಿಯಾ ಕಡಿಮೆಯಾ ಅಂದಿರಿ. 2,000 ಕೋಟಿಯನ್ನು 140 ಕೋಟಿ ಜನಕ್ಕೆ ಹಂಚಿ. ತಲೆಗೆ 14 ರೂಪಾಯಿ, ಅದೂ ಎರಡು ವರ್ಷಕ್ಕೆ. ವರ್ಷಕ್ಕೆ ಏಳು ರೂಪಾಯಿ. ದರ್ಶಿನಿಯಲ್ಲಿ ಒಂದು ಬೈಟು ಕಾಫಿಯೂ ಬರುವುದಿಲ್ಲ. ನಮ್ಮ ಮೆಟ್ರೊ ಮೊದಲ ಹಂತ 42 ಕಿ.ಮೀ., ಖರ್ಚು 14,000 ಕೋಟಿ ಸುತ್ತಮುತ್ತ. ಅಂದರೆ ಮಿಷನ್ ಮೌಸಮ್ ಅಂದರೆ ಆರು ಕಿ.ಮೀ. ಮೆಟ್ರೊ. ಇಡೀ ದೇಶದ ಸಂಶೋಧನೆಯ ಖರ್ಚೇ ಜಿಡಿಪಿಯ ಶೇ 0.64. ಕೈತುಂಬಾ ಕೊಟ್ಟಿದ್ದೇವೆ ಅನ್ನುವ ಭಾವನೆ ಮೊದಲು ಬಿಡಬೇಕು.

ಕೋರಮಂಗಲ 8ನೇ ಬ್ಲಾಕ್
ಆರು ಕಿ.ಮೀ. ಮೆಟ್ರೊ!! ಇದು ಈಗ ಅರ್ಥ ಆಯಿತು.

ತೆರಿಗೆ ಕಟ್ಟುವವ
ತಲೆಗೆ ಏಳು ರೂಪಾಯಿ ಅಂತ ಯಾವ ಖರ್ಚನ್ನಾದರೂ ಸಣ್ಣದು ಮಾಡಿ ತೋರಿಸಬಹುದು. ಫಲ ಏನು ಅನ್ನುವುದು ಪ್ರಶ್ನೆ. 2002 ನೆನಪಿದೆಯಾ? ಮುಂಗಾರು ಸಾಮಾನ್ಯ ಅಂದರು. ಶೇ 19 ಕೊರತೆ ಆಯಿತು. ಜುಲೈನಲ್ಲಿ ಅರ್ಧ ಮಳೆಯೂ ಬರಲಿಲ್ಲ. ಆಗ ನಮ್ಮ ಮಾವ ಹಾಸನದಲ್ಲಿ ಎರಡು ಸಲ ಬಿತ್ತಿ ಎರಡೂ ಸಲ ಕಳೆದುಕೊಂಡರು.

ಮೋಡ ಎಣಿಸುವವಳು
2002 ನಮ್ಮ ಕ್ಷೇತ್ರದ ದೊಡ್ಡ ಗಾಯ. ಅದನ್ನು ಯಾರೂ ಮುಚ್ಚಿಡುವುದಿಲ್ಲ. ಆಗ ಬಳಸುತ್ತಿದ್ದದ್ದು 16 ಅಂಶಗಳ ಅಂಕಿಅಂಶ ಸೂತ್ರ. ಯುರೇಷಿಯಾದ ಹಿಮ, ಸಾಗರದ ಬಿಸಿ, ಒತ್ತಡ ಹೀಗೆ 16 ಸಂಖ್ಯೆ ಹಾಕಿ ಒಂದು ಉತ್ತರ ತೆಗೆಯುವುದು. 1988ರಿಂದ ಅದು ಸುಮಾರಾಗಿ ನಡೆದಿತ್ತು. 2002ರಲ್ಲಿ ಕೈಕೊಟ್ಟಿತು. 2003ರಲ್ಲೇ ಅದನ್ನು ಕೈಬಿಟ್ಟರು. ಸಾಗರ ಮತ್ತು ಗಾಳಿ ಎರಡನ್ನೂ ಜೋಡಿಸಿ ಭೌತಶಾಸ್ತ್ರದ ಮೇಲೆ ಕಟ್ಟುವ ಮಾದರಿ ಬೇಕು ಅನ್ನುವುದು ಗಟ್ಟಿಯಾಯಿತು. ಅದಕ್ಕೆ ಅಂತಲೇ ದುಡ್ಡು ಬಂದದ್ದು 2012ರ ಮಾನ್ಸೂನ್ ಮಿಷನ್‌ನಲ್ಲಿ. ಲೆಕ್ಕ ಹಾಕಿ, ಹತ್ತು ವರ್ಷ. ತಪ್ಪು ಗೊತ್ತಾದ ದಿನದಿಂದ ದುಡ್ಡು ಬರುವ ದಿನದವರೆಗೆ ಹತ್ತು ವರ್ಷ. ನಿಮ್ಮ ಸಿಟ್ಟು ನ್ಯಾಯವೇ, ಆದರೆ ಸ್ವಲ್ಪ ಈ ಹತ್ತು ವರ್ಷದ ಮೇಲೂ ಇರಲಿ.

ಮಳೆಮಾಪಕ ಮೇಷ್ಟ್ರು
ನಾನು 34 ವರ್ಷ ಹವಾಮಾನ ವೀಕ್ಷಣೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಮಾದರಿ, ಕಂಪ್ಯೂಟರ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಅಳೆಯುವುದು ಗೊತ್ತು.

2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಆಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷದ ದಾಖಲೆ ಮುರಿಯಿತು ಎಂದು ಎಲ್ಲ ಪತ್ರಿಕೆಯಲ್ಲೂ ಬಂತು. ಹಳೆಯ ದಾಖಲೆ 1891ರ ಜೂನ್ 16ರದು, 101.6 ಮಿ.ಮೀ. ಯೋಚನೆ ಮಾಡಿ. 1891ರಲ್ಲಿ ಯಾರೋ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು, ಮಾಪಕದ ನೀರು ಅಳೆದು, ಪುಸ್ತಕದಲ್ಲಿ ಬರೆದಿಟ್ಟ. ಅವನ ನಂತರ ಇನ್ನೊಬ್ಬ, ಅವನ ನಂತರ ಮತ್ತೊಬ್ಬ. ಯುದ್ಧ ಬಂತು, ಪ್ಲೇಗ್ ಬಂತು, ರಾಜ್ಯದ ಹೆಸರು ಬದಲಾಯಿತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಅದಕ್ಕೇ ನಾವು ‘133 ವರ್ಷ’ ಅನ್ನಬಹುದು. ಮಧ್ಯೆ ಹತ್ತು ವರ್ಷ ಬಿಟ್ಟಿದ್ದರೆ ಆ ಮಾತನ್ನು ಯಾವ ಸೂಪರ್ ಕಂಪ್ಯೂಟರೂ ಹೇಳಲಾರದು. ಹೋದ ಮಳೆಯನ್ನು ವಾಪಸ್ ಕರೆದು ಅಳೆಯಲು ಆಗುವುದಿಲ್ಲ.

ಈ ಕೆಲಸಕ್ಕೆ ಉದ್ಘಾಟನೆ ಇಲ್ಲ. ಐವತ್ತನೇ ವರ್ಷ ಅದೇ ಮಾಪಕ ನೋಡಿ ಬರೆದವನಿಗೆ ಯಾರೂ ಹಾರ ಹಾಕುವುದಿಲ್ಲ. ದೊಡ್ಡ ಯೋಜನೆ ಬಂದಾಗಲೆಲ್ಲ ಹೊಸ ಯಂತ್ರಕ್ಕೆ ದುಡ್ಡು ಇರುತ್ತದೆ, ಹಳೆಯ ಯಂತ್ರ ನೋಡಿಕೊಳ್ಳುವವನಿಗೆ ಇರುವುದಿಲ್ಲ. ನಾನು ಕೇಳುವುದು ಇದೊಂದೇ.

ಯಮಲೂರು ನಿವಾಸಿ
ಮೇಷ್ಟ್ರೇ, ಓದಿ ಸುಮ್ನೆ ಕೂತುಬಿಟ್ಟೆ. ಧನ್ಯವಾದ.

ಸಾಗರದಾಚೆ
ಮೇಷ್ಟ್ರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆ ಎಂದು ಜಗತ್ತಿಗೆ ತೋರಿಸಿದ್ದು ಹವಾಯಿಯ ಮೌನಾ ಲೋವಾದ ಅಳತೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಶುರು ಮಾಡಿದರು. ಆ ಗೆರೆಯಲ್ಲಿ 1964ರಲ್ಲಿ ಕೆಲವು ತಿಂಗಳ ಒಂದು ತೂತು ಇದೆ. ಕಾರಣ ಜ್ವಾಲಾಮುಖಿ ಅಲ್ಲ, ಬಜೆಟ್ ಕಡಿತ. ಅರವತ್ತು ವರ್ಷ ಆದರೂ ಆ ತೂತು ಹಾಗೇ ಇದೆ.

ಇನ್ನೊಂದು ನಮಗೆ ಹತ್ತಿರದ್ದು. ಎಲ್‌ನಿನೊ, ಅಂದರೆ ಶಾಂತಸಾಗರದ ನೀರು ಬಿಸಿಯಾಗುವುದನ್ನು ಹಿಡಿಯಲು ಅಲ್ಲಿ ಸುಮಾರು 70 ತೇಲುಬುರುಡೆಗಳ ಸಾಲು ಇಟ್ಟರು. ಹತ್ತು ವರ್ಷದ ದೊಡ್ಡ ಅಂತರರಾಷ್ಟ್ರೀಯ ಯೋಜನೆಯಲ್ಲಿ ಕಟ್ಟಿ 1994ರಲ್ಲಿ ಮುಗಿಸಿದರು. 2012ರಲ್ಲಿ ಅವುಗಳನ್ನು ರಿಪೇರಿ ಮಾಡುತ್ತಿದ್ದ ಹಡಗನ್ನು ಖರ್ಚು ಉಳಿಸಲು ನಿಲ್ಲಿಸಿದರು. 2014ರ ಹೊತ್ತಿಗೆ ಬರಬೇಕಾದ ಮಾಹಿತಿಯಲ್ಲಿ ಅರ್ಧಕ್ಕಿಂತ ಕಡಿಮೆ ಬರುತ್ತಿತ್ತು. ಕಟ್ಟುವಾಗ ಇದ್ದ ಉತ್ಸಾಹ ಕಾಯುವಾಗ ಇರಲಿಲ್ಲ. ನಮ್ಮ ಮುಂಗಾರಿಗೂ ಆ ಮಾಹಿತಿಯೇ ಬೇಕು. ಅಲ್ಲಿನ ಹಡಗು ನಿಂತರೆ ಇಲ್ಲಿನ ರೈತನಿಗೂ ತೊಂದರೆ.

ರಾಗಿ ಮುದ್ದೆ
ತೇಲುಬುರುಡೆ ಅಂದರೆ? ಬಾಯ್ ಅನ್ನುತ್ತಾರಲ್ಲ ಅದಾ?

ಸಾಗರದಾಚೆ
ಹೌದು. ಲಂಗರು ಹಾಕಿ ನಿಲ್ಲಿಸಿರುತ್ತಾರೆ. ಮೇಲೆ ಗಾಳಿ, ಕೆಳಗೆ ನೀರಿನ ಬಿಸಿ ಅಳೆಯುತ್ತದೆ. ಲಂಗರಿಲ್ಲದೆ ಮುಳುಗುತ್ತಾ ಏಳುತ್ತಾ ತಿರುಗುವ ಆರ್ಗೊ ಅನ್ನುವ ಕೊಳವೆಗಳು ಬೇರೆ, ಅವು ಜಗತ್ತಿನಾದ್ಯಂತ ನಾಲ್ಕು ಸಾವಿರದ ಹತ್ತಿರ ಇವೆ.

ಪಾವಗಡದ ಕಡಲೆಕಾಯಿ
ನಾನು ಇರುವುದು ಪೀಣ್ಯದಲ್ಲಿ, ಜಮೀನು ಪಾವಗಡ ಕಡೆ. ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರ ಹೆಸರು ಇಲ್ಲಿ ಯಾರೂ ಎತ್ತಲಿಲ್ಲ. 2025ರ ಜುಲೈನಲ್ಲಿ ತೀರಿಕೊಂಡರು. ಮಾನ್ಸೂನ್ ಮೋಡಗಳ ಬಗ್ಗೆ ಅವರ ಕೆಲಸ ಜಗತ್ತಿಗೇ ಗೊತ್ತು. ಆದರೆ ನಮ್ಮ ಕಡೆಯವರಿಗೆ ಅವರು ಗೊತ್ತಿರುವುದು ಕಡಲೆಕಾಯಿಯಿಂದ. ರೈತರ ಜೊತೆ ಕೂತು, ಹಳೆಯ ಮಳೆ ದಾಖಲೆ ತೆಗೆದು, ಯಾವ ವಾರ ಬಿತ್ತಿದರೆ ಹೂವು-ಕಾಯಿ ಕಟ್ಟುವ ಹೊತ್ತಿಗೆ ಒಣಹವೆ ತಪ್ಪುತ್ತದೆ ಎಂದು ಲೆಕ್ಕ ಹಾಕಿದರು. ದೊಡ್ಡ ಯಂತ್ರ ಇಲ್ಲ. ಹಳೆಯ ದಾಖಲೆ, ಬೆಳೆಯ ಮಾದರಿ, ರೈತನ ಅನುಭವ. ಮೇಷ್ಟ್ರು ಹೇಳಿದ ಪುಸ್ತಕಗಳೇ ಅಲ್ಲಿ ಉಪಯೋಗಕ್ಕೆ ಬಂದದ್ದು.

ಅವರದೇ ಇನ್ನೊಂದು ಕೆಲಸ 2006ರದು. ತೀವ್ರ ಬರ ಬಂದ ವರ್ಷ ದೇಶದ ಜಿಡಿಪಿಗೆ ಶೇ 2ರಿಂದ 5ರಷ್ಟು ಹೊಡೆತ ಬೀಳುತ್ತದೆ ಎಂದು ತೋರಿಸಿದರು. ಅದರ ಪಕ್ಕದಲ್ಲಿ ಎರಡು ಸಾವಿರ ಕೋಟಿ ಇಟ್ಟು ನೋಡಿ.

ರೈತನಿಗೆ ‘ಈ ಸಲ ವಾಡಿಕೆಯ ಶೇ 104 ಮಳೆ’ ಅನ್ನುವುದರಿಂದ ಏನೂ ಆಗಬೇಕಾಗಿಲ್ಲ. ಬಿತ್ತಿದ ಮೇಲೆ ಇಪ್ಪತ್ತು ದಿನ ಮಳೆ ಕೈಕೊಡುತ್ತಾ? ಅದು ಗೊತ್ತಾಗಬೇಕು. ನಿರೀಕ್ಷೆ ಅಂತ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳೋಣ.

ತುಮಕೂರು ರೋಡ್
ನಮ್ಮ ತಾತ ಮಳೆ ನಕ್ಷತ್ರದ ಮೇಲೆ ಪೂರ್ತಿ ಬೇಸಾಯ ಮಾಡಿದವರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಿದ್ದರು. ಏಪ್ರಿಲ್ ಕೊನೆಯ ಮಳೆ ಅದು. ಒಂದು ಪೈಸೆ ಖರ್ಚಿಲ್ಲ.

ಪಾವಗಡದ ಕಡಲೆಕಾಯಿ
ನಮ್ಮಲ್ಲೂ ಹೇಳುತ್ತಿದ್ದರು. ಅದು ನೂರಾರು ವರ್ಷ ಜನ ನೋಡಿ ನೋಡಿ ಕಟ್ಟಿದ ಮಾತು, ಅದೂ ಒಂದು ರೀತಿಯ ದಾಖಲೆಯೇ. ಆದರೆ ಈಗ ಮಳೆಯ ದಿನಗಳೇ ಆಚೀಚೆ ಆಗಿವೆ. ಅಪ್ಪ ಪಂಚಾಂಗ ಮತ್ತು ಮೊಬೈಲ್ ಎರಡೂ ನೋಡುತ್ತಾರೆ.

ತುಮಕೂರು ರೋಡ್
ಎರಡೂ ನೋಡಲಿ, ತಪ್ಪೇನಿಲ್ಲ. ಆರಿದ್ರಾ ಮಳೆಗೆ ಹುರುಳಿ ಬಿತ್ತಿ ಕೆಟ್ಟವರನ್ನು ನಾನೂ ನೋಡಿದ್ದೇನೆ.

ಕೆವಿಕೆ ಗೆಳೆಯ
ರೈತನಿಗೆ ತಲುಪಿಸುವ ಮಾತು ಬಂದಿದ್ದಕ್ಕೆ. ಜಿಲ್ಲಾ ಮಟ್ಟದಲ್ಲಿ ಕೃಷಿ ಹವಾಮಾನ ಘಟಕಗಳು ಅಂತ ಇದ್ದವು, ಡಾಮು ಅನ್ನುತ್ತಿದ್ದರು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೂತು ಮುನ್ಸೂಚನೆಯನ್ನು ಆ ಜಿಲ್ಲೆಯ ಬೆಳೆಗೆ ತಕ್ಕ ಸಲಹೆಯಾಗಿ ಬರೆದು, ವಾರಕ್ಕೆ ಎರಡು ಸಲ ಸ್ಥಳೀಯ ಭಾಷೆಯಲ್ಲಿ ಕಳಿಸುತ್ತಿದ್ದರು. ದೇಶದಲ್ಲಿ 199 ಇದ್ದವು. 2024ರ ಮಾರ್ಚ್‌ನಲ್ಲಿ ಮುಚ್ಚಿದರು. ಅದಾದ ಆರು ತಿಂಗಳಿಗೆ 2,000 ಕೋಟಿಯ ಮಿಷನ್ ಬಂತು. ಮುನ್ಸೂಚನೆ ಚುರುಕಾಗುವ ಹೊತ್ತಿಗೆ ಅದನ್ನು ಓದಿ ಹೇಳುವವನನ್ನು ಮನೆಗೆ ಕಳಿಸಿದರು. ನನ್ನ ಜೊತೆ ಓದಿದ ಇಬ್ಬರ ಕೆಲಸ ಹೋಯಿತು.

ತೆರಿಗೆ ಕಟ್ಟುವವ
ಇದು ನನಗೆ ಗೊತ್ತಿರಲಿಲ್ಲ. ಇದು ನಿಜವಾಗಿಯೂ ತಪ್ಪು.

ಚಿಕ್ಕಪೇಟೆ ಲೆಕ್ಕ
ಫಲದ ಲೆಕ್ಕ ಕೇಳಿದಿರಲ್ಲ. 2020ರಲ್ಲಿ ಎನ್‌ಸಿಎಇಆರ್ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆಯ ಅಧ್ಯಯನ ಬಂತು. ಮಾನ್ಸೂನ್ ಮಿಷನ್ ಮತ್ತು ಕಂಪ್ಯೂಟರ್‌ಗೆ ಹಾಕಿದ ಪ್ರತಿ 1 ರೂಪಾಯಿಗೆ 50 ರೂಪಾಯಿ ಲಾಭ ಎಂದು ಹೇಳಿತು.

ಮೋಡ ಎಣಿಸುವವಳು
ಆ 50ರ ಅಂಕಿಯನ್ನು ಹುಷಾರಾಗಿ ಬಳಸಿ. ಅದು ರೈತರು, ಮೀನುಗಾರರನ್ನು ಕೇಳಿ ಅವರು ಹೇಳಿದ್ದರ ಮೇಲೆ ಹಾಕಿದ ಲೆಕ್ಕ. ದಿಕ್ಕು ಸರಿ, ಅಂಕಿಯನ್ನು ಕಲ್ಲಿನಲ್ಲಿ ಕೆತ್ತಬೇಡಿ. ನಮಗೆ ಅನುಕೂಲವಾದ ಅಂಕಿಯನ್ನೂ ನಾವೇ ಪರೀಕ್ಷೆ ಮಾಡಬೇಕು.

ಫಲ ಕಣ್ಣಿಗೆ ಕಾಣಬೇಕು ಅಂದರೆ ಚಂಡಮಾರುತ ನೋಡಿ. 1999ರಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಅದೇ ತೀರಕ್ಕೆ ಬಡಿಯಿತು. ಸತ್ತವರು ಕೆಲವು ಹತ್ತುಗಳಷ್ಟು.

ಕೆವಿಕೆ ಗೆಳೆಯ
ಅದರಲ್ಲಿ ಅರ್ಧ ಪುಣ್ಯ ಒಡಿಶಾ ಸರ್ಕಾರದ್ದು. ಆಶ್ರಯ ಕಟ್ಟಡ ಕಟ್ಟಿದರು, ಲಕ್ಷಗಟ್ಟಲೆ ಜನರನ್ನು ಎಬ್ಬಿಸಿ ಕರೆದುಕೊಂಡು ಹೋದರು. ಮುನ್ಸೂಚನೆ ಒಂದೇ ಜೀವ ಉಳಿಸುವುದಿಲ್ಲ.

ಮೋಡ ಎಣಿಸುವವಳು
ಒಪ್ಪಿದೆ. ಎಬ್ಬಿಸಲು ಹೊರಟವರಿಗೆ ನಾಲ್ಕು ದಿನ ಸಮಯ ಸಿಕ್ಕಿದ್ದು ಮುನ್ಸೂಚನೆಯಿಂದ. ಎರಡೂ ಬೇಕು.

ಬಿ.ಇ. ಮೆಕ್ಯಾನಿಕಲ್
ನನ್ನ ಪ್ರಶ್ನೆ ಬೇರೆ. ಹವಾಮಾನ ಬದಲಾವಣೆಯ ದೊಡ್ಡ ಸಂಶೋಧನೆ ಹೊಸದಾಗಿ ಏನು ಹೇಳಿದೆ? ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ 1.5ರಿಂದ 4.5 ಡಿಗ್ರಿ ಬಿಸಿ ಅಂತ 1979ರಲ್ಲೇ ಹೇಳಿದ್ದರು. ಈಗಲೂ ಅದೇ ಹೇಳುತ್ತಾರೆ. ಇಷ್ಟೆಲ್ಲ ಖರ್ಚು ಮಾಡಿ ಉತ್ತರ ಕದಲದಿದ್ದರೆ?

ಮೋಡ ಎಣಿಸುವವಳು
ಈಗ ಅದೇ ಹೇಳುವುದಿಲ್ಲ. 1979ರದು ಚಾರ್ನಿ ವರದಿ. 2021ರ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) ವರದಿಯಲ್ಲಿ ಅದು 2.5ರಿಂದ 4 ಡಿಗ್ರಿಗೆ ಕಿರಿದಾಗಿದೆ. ಕೆಳಗಿನ ತುದಿ ಒಂದು ಡಿಗ್ರಿ ಮೇಲೆ ಬಂತು, ಅಂದರೆ ‘ಏನೂ ಆಗಲ್ಲ ಬಿಡಿ’ ಅನ್ನುವ ಜಾಗವೇ ಹೋಯಿತು. ನಾಲ್ಕು ದಶಕ ಹಿಡಿಯಿತು, ನಿಜ. ಕಷ್ಟ ಇದ್ದದ್ದು ಮೋಡದಲ್ಲಿ. ಬಿಸಿ ಏರಿದಾಗ ಮೋಡ ಬಿಸಿಲನ್ನು ತಡೆಯುತ್ತಾ, ಬಿಸಿಯನ್ನು ಹಿಡಿದಿಡುತ್ತಾ? ಇದಕ್ಕೆ ಉಪಗ್ರಹ, ವಿಮಾನ, ಹಡಗು ಎಲ್ಲ ಬೇಕಾಯಿತು. ಬಂಗಾಳಕೊಲ್ಲಿಯಲ್ಲಿ ನಮ್ಮವರು 1999ರಲ್ಲಿ ಬೋಬ್‌ಮೆಕ್ಸ್, 2016ರಲ್ಲಿ ಬಾಬಲ್ ಅಂತ ಹಡಗು ತೆಗೆದುಕೊಂಡು ಹೋಗಿ ಅಳೆದು ಬಂದಿದ್ದಾರೆ. ಎರಡಕ್ಕೂ ಟಾಟಾ ಇನ್‌ಸ್ಟಿಟ್ಯೂಟಿನವರು ಹೋಗಿದ್ದರು.

ಇನ್ನೊಂದು. 1970ರಿಂದ 2007ರವರೆಗೆ ಬಂದ 17 ಹಳೆಯ ಮಾದರಿ ಲೆಕ್ಕಗಳನ್ನು ತೆಗೆದು ನಂತರ ನಿಜವಾಗಿ ಏನಾಯಿತು ಎಂದು ಹೋಲಿಸಿ ನೋಡಿದ್ದಾರೆ. ಹೊಗೆ ಎಷ್ಟು ಬಿಟ್ಟೆವು ಅನ್ನುವ ವ್ಯತ್ಯಾಸ ಸರಿಪಡಿಸಿದರೆ 14 ಸರಿ ಬಂದಿವೆ. ಆಗಿನ ಕಂಪ್ಯೂಟರ್ ಎಷ್ಟರದು ಗೊತ್ತಲ್ಲ.

ಬಿ.ಇ. ಮೆಕ್ಯಾನಿಕಲ್
17ರಲ್ಲಿ 14. ಸರಿ, ಮಾತು ವಾಪಸ್ ತೆಗೆದುಕೊಂಡೆ. ಐಪಿಸಿಸಿ ವಿಜ್ಞಾನಿಗಳಿಗೆ ಮಾತ್ರ ಸಂಬಳ ಜಾಸ್ತಿ ಅಂತ ಕೇಳಿದ್ದೇನೆ.

ಸಾಗರದಾಚೆ
ತಪ್ಪು. ಐಪಿಸಿಸಿ ವರದಿ ಬರೆಯುವವರಿಗೆ ಐಪಿಸಿಸಿಯಿಂದ ಸಂಬಳವೇ ಇಲ್ಲ. ತಮ್ಮ ಕೆಲಸದ ಜೊತೆಗೆ, ರಜೆ ಭಾನುವಾರ ಸೇರಿಸಿ ಬರೆಯುತ್ತಾರೆ.

ಹೆಬ್ಬಾಳ ಹಾಸ್ಟೆಲ್
ಸಂಬಳ ಅಂದಿರಿ, ನನ್ನದೂ ಹೇಳುತ್ತೇನೆ. ಹವಾಮಾನದ ಒಂದು ದೊಡ್ಡ ಯೋಜನೆಯಲ್ಲಿ ಸಂಶೋಧನಾ ವಿದ್ಯಾರ್ಥಿ. ಸಂಸ್ಥೆಯ ಹೆಸರು ಬೇಡ. ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ತಿಂಗಳಿಗೆ 37,000. ಕಾಗದದ ಮೇಲೆ ಚೆನ್ನಾಗಿದೆ. ಹೋದ ವರ್ಷ ಏಳು ತಿಂಗಳು ಬರಲೇ ಇಲ್ಲ. ಬಂದಾಗ ಒಟ್ಟಿಗೆ ಬಂತು. ಅಷ್ಟರಲ್ಲಿ ಅಕ್ಕನ ಬಳೆ ಅಡ ಇಟ್ಟಾಗಿತ್ತು. ಅದೇ ಹೊತ್ತಿಗೆ ನಮ್ಮ ಲ್ಯಾಬಿಗೆ ಯಂತ್ರ ಕೊಳ್ಳುವ ದುಡ್ಡು ಬಂತು, ಫೆಬ್ರವರಿಯಲ್ಲಿ. ಮಾರ್ಚ್ 31ರೊಳಗೆ ಖರ್ಚು ಮಾಡಿ, ಇಲ್ಲದಿದ್ದರೆ ವಾಪಸ್ ಅಂದರು. ಆರು ವಾರದಲ್ಲಿ ಟೆಂಡರ್ ಕರೆದು ಸರಿಯಾದ ಉಪಕರಣ ತರಲು ಆಗುತ್ತದಾ? ಬೇಕಾದದ್ದು ಬಿಟ್ಟು ಸಿಕ್ಕಿದ್ದು ಕೊಂಡೆವು. ಅದು ಈಗಲೂ ಡಬ್ಬದಲ್ಲೇ ಇದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಜನರ ದುಡ್ಡು ಅದು.

ಮಲ್ಲೇಶ್ವರ 18ನೇ ಕ್ರಾಸ್
ಏಳು ತಿಂಗಳಾ? ಹೇಗೆ ಬದುಕಿದಿರಿ ಮಾರಾಯ್ರೇ.

ಚಿಕ್ಕಪೇಟೆ ಲೆಕ್ಕ
ಇದು ಒಂದು ಲ್ಯಾಬಿನ ಕಥೆಯಲ್ಲ. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ದುಡ್ಡು ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಖರ್ಚಿನ ಪತ್ರ ಒಪ್ಪಿದ ಮೇಲೆ ಮುಂದಿನದು. ಉಳಿದದ್ದು ವರ್ಷದ ಕೊನೆಗೆ ವಾಪಸ್. ರಸ್ತೆ ಗುತ್ತಿಗೆಗೆ ಮಾಡಿದ ನಿಯಮವನ್ನು ಮೋಡದ ಅಧ್ಯಯನಕ್ಕೂ ಹಾಕಿದ್ದಾರೆ. 2025ರ ಜೂನ್‌ನಲ್ಲಿ ಸ್ವಲ್ಪ ಸಡಿಲ ಮಾಡಿದರು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು, ವಿಜ್ಞಾನ ಸಂಸ್ಥೆಗಳು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಬಿಟ್ಟು ಬೇರೆ ಕಡೆ ಕೊಳ್ಳಲೂ ದಾರಿ ಆಯಿತು. ಒಳ್ಳೆಯದೇ. ಆದರೆ ವಿದ್ಯಾರ್ಥಿಯ ತಿಂಗಳ ಸಂಬಳಕ್ಕೂ ಈ ಕಂತಿನ ಲೆಕ್ಕ ಯಾಕೆ? ಅದನ್ನು ಬೇರೆ ಇಡಬೇಕು.

ತೆರಿಗೆ ಕಟ್ಟುವವ
ನಿಯಮ ಇಲ್ಲದಿದ್ದರೆ ದುಡ್ಡು ಸೋರುತ್ತದೆ. ಲೆಕ್ಕ ಕೇಳುವುದು ತಪ್ಪಲ್ಲ.

ಚಿಕ್ಕಪೇಟೆ ಲೆಕ್ಕ
ಲೆಕ್ಕ ಕೇಳಲಿ. ನಾನು ಅದೇ ಕೆಲಸ ಮಾಡುವವನು. ಮಾರ್ಚ್‌ನಲ್ಲಿ ಖರ್ಚಾಯಿತಾ ಅಂತ ಕೇಳುವ ಬದಲು ಐದು ವರ್ಷ ಆದ ಮೇಲೆ ಯಂತ್ರ ಓಡುತ್ತಿದೆಯಾ, ಮಾಹಿತಿ ಎಲ್ಲರಿಗೂ ಸಿಗುತ್ತಿದೆಯಾ ಅಂತ ಕೇಳಲಿ.

ಸಾಗರದಾಚೆ
ಅಮೆರಿಕದಲ್ಲಿ ಹವಾಮಾನ ಸಂಶೋಧನೆಗೆ ಕಾನೂನೇ ಇದೆ. 1990ರ ಕಾಯ್ದೆ. ಹಲವು ಇಲಾಖೆಗಳ ಸಂಶೋಧನೆಯನ್ನು ಒಂದು ಕಾರ್ಯಕ್ರಮದಡಿ ಜೋಡಿಸಿ, ನಾಲ್ಕು ವರ್ಷಕ್ಕೊಮ್ಮೆ ದೇಶದ ಹವಾಮಾನದ ವರದಿ ಕೊಡಬೇಕು. ಕಾನೂನಿದ್ದರೂ 2025ರ ಏಪ್ರಿಲ್‌ನಲ್ಲಿ ಮುಂದಿನ ವರದಿ ಬರೆಯುತ್ತಿದ್ದ ಸುಮಾರು 400 ಜನರನ್ನು ಒಂದೇ ಇಮೇಲ್‌ನಲ್ಲಿ ಬಿಡುಗಡೆ ಮಾಡಿದರು. ಇದು ನಮಗೂ ಪಾಠ. ನಮ್ಮ ಮಾನ್ಸೂನ್ ಮಿಷನ್ ಶುರುವಾದದ್ದೇ ಅಮೆರಿಕದ ಮಾದರಿಯೊಂದನ್ನು ತಂದು ನಮ್ಮ ಮುಂಗಾರಿಗೆ ಹೊಂದಿಸಿ. ಅಲ್ಲಿ ಕಿಟಕಿ ಮುಚ್ಚಿದರೆ ಇಲ್ಲಿ ಕತ್ತಲೆ ಆಗಬಾರದು.

ಪೀಣ್ಯ ಉಪಗ್ರಹ
ಅದಕ್ಕೇ ನಮ್ಮದು ಅಂತ ಬೇಕು. ಮೋಡ-ಮಳೆ ನೋಡುವ ಮೇಘಾ-ಟ್ರಾಪಿಕ್ಸ್ ಉಪಗ್ರಹ ಮರೆತುಬಿಟ್ಟಿರಾ? ಇಸ್ರೊ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ್ದು. ಮೂರು ವರ್ಷಕ್ಕೆ ಅಂತ ಕಟ್ಟಿದ್ದು, ಹತ್ತು ವರ್ಷ ದುಡಿಯಿತು. 2023ರ ಮಾರ್ಚ್‌ನಲ್ಲಿ ಜೋಪಾನವಾಗಿ ಸಮುದ್ರದ ಮೇಲೆ ಇಳಿಸಿದರು.

ಗವೀಪುರ ಕೇಬಲ್
ಮೂರಕ್ಕೆ ಕಟ್ಟಿ ಹತ್ತು ದುಡಿದದ್ದು ಹೆಮ್ಮೆಯೇ. ಆದರೆ ಅದರ ಜಾಗಕ್ಕೆ ಅಂಥದ್ದೇ ಇನ್ನೊಂದು ಮೊದಲೇ ಸಿದ್ಧ ಇರಬೇಕಿತ್ತು.

ಯಮಲೂರು ನಿವಾಸಿ
ಎಲ್ಲ ಓದಿದೆ. ಒಂದು ಉಳಿದಿದೆ. ಈ ಊರಿನಲ್ಲಿ ಈಗ ಇರುವುದೇನು? ನಾನು ಇವತ್ತು ಏನನ್ನು ನಂಬಬಹುದು?

ಮಳೆಮಾಪಕ ಮೇಷ್ಟ್ರು
ಯಲಹಂಕದಲ್ಲಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ನೋಡಿಕೊಳ್ಳುವ ಸಣ್ಣ ಘಟಕವಾಗಿ ಶುರುವಾಯಿತು. ಈಗ ಗ್ರಾಮ ಪಂಚಾಯಿತಿಗೊಂದು ಅಂತ ರಾಜ್ಯದಲ್ಲಿ ಆರು ಸಾವಿರಕ್ಕೂ ಜಾಸ್ತಿ ಮಳೆಮಾಪಕಗಳು ತಾವೇ ಮಾಹಿತಿ ಕಳಿಸುತ್ತವೆ. ರೈತರಿಗೆ ‘ವರುಣ ಮಿತ್ರ’ ಸಹಾಯವಾಣಿ ಇದೆ. ಬೆಂಗಳೂರಿಗೆ ‘ಮೇಘ ಸಂದೇಶ’ ಆ್ಯಪ್ ಟಾಟಾ ಇನ್‌ಸ್ಟಿಟ್ಯೂಟಿನವರ ಜೊತೆ ಸೇರಿ ಮಾಡಿದರು. ಇಡೀ ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಇದು ನಮ್ಮ ರಾಜ್ಯ 30-40 ವರ್ಷ ಬಿಡದೆ ಹಾಕಿದ ದುಡ್ಡು. ಒಂದೇ ಸಲ ಬಂದ ಕೋಟಿಗಳಲ್ಲ.

ಬೆಳ್ಳಂದೂರು ಕೆರೆದಂಡೆ
ಕಾಲುವೆ ಕಟ್ಟುವವರಿಗೂ ಈ ಮಾಹಿತಿಯೇ ಬೇಕು, ಅದು ಈಗ ಹೊಳೆಯಿತು. ಗಂಟೆಗೆ ಎಷ್ಟು ಮಳೆ ಅಂತ ಗೊತ್ತಿಲ್ಲದೆ ಕಾಲುವೆ ಎಷ್ಟು ಅಗಲ ಅಂತ ಹೇಗೆ ಕಟ್ಟುತ್ತಾರೆ? ನಾನು ಮೇಲೆ ಹಾಕಿದ +1 ಅರ್ಧ ಹಿಂದಕ್ಕೆ.

ತೆರಿಗೆ ಕಟ್ಟುವವ
ನನ್ನದು ಹಿಂದಕ್ಕಿಲ್ಲ. ಕಾಲುವೆ ಮೊದಲು ಅನ್ನುವುದರಲ್ಲಿ ನಾನು ಗಟ್ಟಿ. ಆದರೆ ಮುಂದಿನ ಸಲ ಸಂಸದರ ಸಭೆಗೆ ಹೋದಾಗ ರಾಡಾರ್ ಮತ್ತು ಆ 199 ಘಟಕಗಳ ಬಗ್ಗೆ ನಾನೇ ಎದ್ದು ನಿಂತು ಕೇಳುತ್ತೇನೆ. ಕೆವಿಕೆ ಗೆಳೆಯರೇ, ವಿವರ ಕಳಿಸಿ.

ಕೆವಿಕೆ ಗೆಳೆಯ
ಇವತ್ತು ರಾತ್ರಿಯೇ ಕಳಿಸುತ್ತೇನೆ.

ಯಮಲೂರು ನಿವಾಸಿ
ಮೇಷ್ಟ್ರೇ, ನಮ್ಮ ತಾರಸಿಯ ಮೇಲೆ ಒಂದು ಮಾಪಕ ಇಟ್ಟರೆ ಉಪಯೋಗ ಆಗುತ್ತದಾ? ಅಮ್ಮನಿಗೂ ಆಸಕ್ತಿ ಇದೆ.

ಮಳೆಮಾಪಕ ಮೇಷ್ಟ್ರು
ಖಂಡಿತ ಆಗುತ್ತದೆ. ತಾರಸಿಯಲ್ಲಿ ಗಾಳಿ ಜಾಸ್ತಿ, ಹನಿ ಆಚೆ ಹಾರುತ್ತದೆ. ನೆಲದ ಮೇಲೆ ಬಯಲು ಜಾಗ ಇದ್ದರೆ ಅಲ್ಲಿಡಿ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಲಿ. ಬೆಳಿಗ್ಗೆ 8.30ಕ್ಕೆ ನೋಡಿ, ದಿನವೂ ಅದೇ ಹೊತ್ತು. ಮಳೆ ಬಾರದ ದಿನ ಖಾಲಿ ಬಿಡಬೇಡಿ, ಸೊನ್ನೆ ಅಂತ ಬರೆಯಿರಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ಮುಂದಿನವರಿಗೆ ಗೊತ್ತಾಗುವುದಿಲ್ಲ.

ಯಮಲೂರು ನಿವಾಸಿ
ಆಗಲಿ. ಮಾಪಕ ಎಲ್ಲಿ ಸಿಗುತ್ತದೆ? ಎಸ್‌.ಪಿ. ರೋಡಿನಲ್ಲಿ ಕೇಳಲಾ?